ತೂಕ ಇಳಿಯಲಿಲ್ಲ, ಬಿಪಿ ಇಳಿಯಿತು: ಕಲಬುರಗಿಯ ಹುಡುಗಿಯೊಬ್ಬಳ ಪ್ರಕರಣ

ಇದು ಮಕ್ಕಳ ವೈದ್ಯನಾಗಿ ನಾನು ನೋಡಿದ ಒಂದು ಪ್ರಕರಣ. ಹುಡುಗಿ ಮತ್ತು ಅವಳ ತಂದೆತಾಯಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಶಾಲೆ, ಓಣಿ, ತಂದೆಯ ಉದ್ಯೋಗ ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಕಡೆಯ ಶಿಕ್ಷಕರು, ಪಾಲಕರು, ತಾಲ್ಲೂಕು ಆಸ್ಪತ್ರೆಯ ಕಿರಿಯ ವೈದ್ಯರು ಓದಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಹುಡುಗಿಗೆ 14 ವರ್ಷ, ಕಲಬುರಗಿ ನಗರದ ಅನುದಾನಿತ ಶಾಲೆಯೊಂದರಲ್ಲಿ 9ನೇ ತರಗತಿ. ಸಂಜೆಯಾದರೆ ತಲೆನೋವು ಎಂದು ಮೊದಲು ಕಣ್ಣಿನ ವೈದ್ಯರಲ್ಲಿ ಹೋಗಿದ್ದಳು. ಕಣ್ಣು ಸರಿಯಿದೆ, ಒಮ್ಮೆ ಬಿಪಿ ನೋಡಿಸಿ ಎಂದು ಅವರು ಕಳಿಸಿದ್ದರು. ಇದು ಅಪರೂಪ. ಮಕ್ಕಳಿಗೂ ಬಿಪಿ ಇರುತ್ತದೆ ಎಂಬುದು ನೆನಪಿಗೆ ಬರುವುದೇ ಕಡಿಮೆ.

ಎತ್ತರ 154 ಸೆಂಟಿಮೀಟರ್, ತೂಕ 66 ಕಿಲೊ. ತಂದೆಗೆ 38ನೇ ವಯಸ್ಸಿನಿಂದ ಬಿಪಿ ಗುಳಿಗೆ. ಅಜ್ಜನಿಗೆ 56ಕ್ಕೆ ಲಕ್ವ ಹೊಡೆದು ಎಡಗೈ ನಿಂತುಹೋಗಿತ್ತು. ಹುಡುಗಿಯ ಕುತ್ತಿಗೆಯ ಹಿಂದೆ ದಪ್ಪನೆಯ ಕಪ್ಪು ಪಟ್ಟಿ. ಅದನ್ನು ಕೊಳೆಯೆಂದು ತಿಳಿದು ತಾಯಿ ವರ್ಷಗಟ್ಟಲೆ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿದ್ದಳು. ಅದು ಕೊಳೆಯಲ್ಲ, ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು.

ದಿನಚರಿ ಕೇಳಿದೆ. ಬೆಳಿಗ್ಗೆ ಆರೂವರೆಗೆ ಗಣಿತದ ಟ್ಯೂಷನ್, ಅಲ್ಲಿಂದ ಬಂದು ಶಾಲೆ, ಸಂಜೆ ವಿಜ್ಞಾನದ ಟ್ಯೂಷನ್, ರಾತ್ರಿ ಹೋಂವರ್ಕ್, ರವಿವಾರ ಟೆಸ್ಟ್. ಎಲ್ಲ ಕಡೆ ಕೂತೇ ಇರುವುದು. ವಾರಕ್ಕೆ ಎರಡು ಆಟದ ಪೀರಿಯಡ್ ವೇಳಾಪಟ್ಟಿಯಲ್ಲಿದ್ದವು. ಒಂದನ್ನು ಗಣಿತಕ್ಕೆ ಕೊಟ್ಟಿದ್ದರು. ಇನ್ನೊಂದರಲ್ಲಿ ಹುಡುಗರು ಮೈದಾನ ಹಿಡಿಯುತ್ತಿದ್ದರು, ಹುಡುಗಿಯರು ಬೇವಿನ ಗಿಡದ ಕೆಳಗೆ ಕೂತು ಮಾತಾಡುತ್ತಿದ್ದರು.

ಮೊದಲಿನಿಂದ ಹೀಗಿರಲಿಲ್ಲ. 6ನೇ ತರಗತಿಯವರೆಗೆ ಇದೇ ಹುಡುಗಿ ಓಣಿಯಲ್ಲಿ ಸೈಕಲ್ ಹೊಡೆಯುತ್ತಿದ್ದಳು, ಲಗೋರಿ ಆಡುತ್ತಿದ್ದಳು, ಶಾಲೆಯ ಖೋಖೋ ತಂಡದಲ್ಲಿದ್ದಳು. ಆಮೇಲೆ ಏನಾಯಿತು ಎಂದೆ. ತಾಯಿ ತಲೆ ತಗ್ಗಿಸಿ, "ದೊಡ್ಡಕಿ ಆದ ಮ್ಯಾಲ ಹೊರಗ ಆಡ್ಲಿಕ್ಕ ಬಿಡ್ಲಿಲ್ರಿ" ಅಂದಳು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಸೈಕಲ್ ತಮ್ಮನಿಗೆ ಹೋಯಿತು, ಆಟದ ಹೊತ್ತು ಟ್ಯೂಷನ್ನಿಗೆ ಹೋಯಿತು. ಎರಡು ವರ್ಷದಲ್ಲಿ ಆ ಮೈ ಓಡುವುದನ್ನೇ ಮರೆಯಿತು. ಈ ಭಾಗದಲ್ಲಿ ನಾನು ನೋಡುವ ಹುಡುಗಿಯರಲ್ಲಿ ಆಟ ನಿಲ್ಲುವ ವಯಸ್ಸು ಬಹುತೇಕ ಇದೇ. ಪ್ರಕರಣದ ಬೇರು ಇಲ್ಲಿದೆ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು.

ಅಳತೆಯ ಸಮಸ್ಯೆ

ಮೊದಲ ಸಲ ನರ್ಸ್ ತೆಗೆದುಕೊಂಡ ಬಿಪಿ 142/88. ಕೈಗೆ ಸುತ್ತುವ ಪಟ್ಟಿ ಚಿಕ್ಕದಾಗಿತ್ತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ 40 ಪ್ರತಿಶತವಾದರೂ ಇರಬೇಕು, ಉದ್ದ ತೋಳನ್ನು 80ರಿಂದ 100 ಪ್ರತಿಶತ ಸುತ್ತುವಷ್ಟಿರಬೇಕು. ಹುಡುಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ಬಲಗೈಗೆ ಸರಿಯಾದ ಪಟ್ಟಿ ಸುತ್ತಿ ನೋಡಿದಾಗ 134/84 ಬಂತು. ಒಂದೇ ದಿನದ ಅಳತೆಯಿಂದ ಮಗುವಿಗೆ ಬಿಪಿ ಇದೆ ಎಂದು ಹೇಳುವಂತಿಲ್ಲ. ಬೇರೆ ಬೇರೆ ದಿನ ಕರೆಸಿ ನೋಡಿದ ಮೇಲೆ ಸರಾಸರಿ 132/84ಕ್ಕೆ ನಿಂತಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 13 ದಾಟಿದವರಲ್ಲಿ 120/80ರ ಕೆಳಗಿದ್ದರೆ ಸಹಜ, 130/80 ಮುಟ್ಟಿದರೆ ಮೊದಲ ಹಂತದ ಅಧಿಕ ರಕ್ತದೊತ್ತಡ, 140/90 ಮುಟ್ಟಿದರೆ ಎರಡನೆಯದು.

ಕಾಲಿನ ನಾಡಿ ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ಹುಟ್ಟಿನಿಂದ ಮಹಾಪಧಮನಿ ಕಿರಿದಾಗಿರುವ ತೊಂದರೆಯ ಶಂಕೆ ಉಳಿಯಲಿಲ್ಲ. ಮೂತ್ರ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಸರಿ. ಎಕೊದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಹೃದಯದ ಗೋಡೆ ದಪ್ಪವಾಗಿರಲಿಲ್ಲ. ಆದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.8, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚು, 168; ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ, 36. ಸೊಂಟದ ಸುತ್ತಳತೆ 88 ಸೆಂಟಿಮೀಟರ್. ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 92.

ತಲೆನೋವಿಗೂ ಈ ಬಿಪಿಗೂ ಸಂಬಂಧವಿದೆ ಎಂದು ನಾನು ಹೇಳಲಿಲ್ಲ. ಈ ಮಟ್ಟದ ಒತ್ತಡ ಸಾಮಾನ್ಯವಾಗಿ ಏನೂ ಗೊತ್ತಾಗದಂತೆ ಇರುತ್ತದೆ. ನಿದ್ದೆ ಕಡಿಮೆ, ನೀರು ಕಡಿಮೆ, ಬೆಳಿಗ್ಗೆ ಖಾಲಿ ಹೊಟ್ಟೆ. ತಲೆನೋವಿಗೆ ಅಷ್ಟೇ ಸಾಕಿತ್ತು.

ಗುಳಿಗೆ ಕೊಡಬೇಕೋ ಬೇಡವೋ

ತಂದೆ ಬಂದದ್ದು ಒಂದೇ ಬೇಡಿಕೆ ಹಿಡಿದು. "ನಾ ತಗೊಳ್ಳೋ ಗುಳಿಗಿನೇ ಅರ್ಧ ಮಾಡಿ ಕೊಡ್ರಿ ಸಾಹೇಬ್ರ, ಮುಗೀತದ." ತನ್ನ ತಂದೆಯ ಕೈ ನಿಂತದ್ದನ್ನು ಕಣ್ಣಾರೆ ಕಂಡವನು ಅವನು. ಅವನ ಅವಸರ ನನಗೆ ಅರ್ಥವಾಗುತ್ತಿತ್ತು. ಆದರೆ ಮೊದಲ ಹಂತ, ಹೃದಯಕ್ಕೆ ಏಟಿಲ್ಲ, ಕಿಡ್ನಿ ಸರಿ, ಸಕ್ಕರೆ ಕಾಯಿಲೆ ಇಲ್ಲ. ಇಂಥ ಮಗುವಿಗೆ ಆರು ತಿಂಗಳವರೆಗೆ ಜೀವನಕ್ರಮ ಬದಲಿಸಿ ನೋಡುವುದು ಸರಿಯಾದ ದಾರಿ. ಆಗಲೂ ಇಳಿಯದಿದ್ದರೆ ಗುಳಿಗೆ. ಆ ಗಡುವನ್ನು ಚೀಟಿಯಲ್ಲೇ ಬರೆದುಕೊಟ್ಟೆ. ಗಡುವು ಇದೆ ಎಂದು ಗೊತ್ತಾದ ಮೇಲೆ ಅವನು ಶಾಂತನಾದ. ಬರೀ "ವ್ಯಾಯಾಮ ಮಾಡಿಸಿ" ಎಂದು ಕಳಿಸಿದ್ದರೆ ಆ ಮನುಷ್ಯ ಮರುದಿನವೇ ಔಷಧದ ಅಂಗಡಿಗೆ ಹೋಗುತ್ತಿದ್ದ ಎಂದು ಈಗಲೂ ನಂಬುತ್ತೇನೆ.

ಅವನಿಗೆ ರಕ್ತನಾಳದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಿದೆ. ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿವೆ.

ರಕ್ತನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರವಿದೆ, ಎಂಡೋಥೀಲಿಯಂ. ಓಡಿದಾಗ, ಜಿಗಿದಾಗ ರಕ್ತ ಜೋರಾಗಿ ಹರಿದು ಈ ಪದರವನ್ನು ಉಜ್ಜುತ್ತದೆ. ಉಜ್ಜಿದ್ದು ತಿಳಿದ ಕೂಡಲೇ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ನಾಳದ ಸ್ನಾಯುವನ್ನು ಸಡಿಲಿಸಿ ನಾಳವನ್ನು ಅಗಲಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳು ಗೋಡೆಗೆ ಅಂಟದಂತೆ ತಡೆಯುತ್ತದೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ದಿನವೂ ರಕ್ತ ಹೀಗೆ ಜೋರಾಗಿ ಹರಿದರೆ ಪದರ ಆ ಅನಿಲವನ್ನು ಮಾಡುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಇಡೀ ದಿನ ಕೂತೇ ಇದ್ದರೆ, ಮುಖ್ಯವಾಗಿ ಕಾಲಿನ ನಾಳಗಳಲ್ಲಿ, ಹರಿವು ಮಂದವಾಗಿ ಪದರ ಸುಸ್ತಾಗುತ್ತದೆ. ಮೇಲೆ ಹೆಚ್ಚಿದ ಸಕ್ಕರೆ, ಕೊಬ್ಬು, ಒತ್ತಡ ಸೇರಿದರೆ ನಾಳ ಬಿಗಿಯಾಗುತ್ತದೆ, ಕಾಲಕ್ರಮದಲ್ಲಿ ಗೋಡೆ ದಪ್ಪವಾಗುತ್ತದೆ.

ಇದು ಮುದುಕರ ಕಾಯಿಲೆ ಎಂಬ ನಂಬಿಕೆ ಮುರಿದು ಬಹಳ ಕಾಲವಾಯಿತು. ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಎಂಬ ಊರಿನಲ್ಲಿ 1973ರಲ್ಲಿ ಶುರುವಾದ ಅಧ್ಯಯನ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿತು. ಅಪಘಾತ ಮುಂತಾದ ಕಾರಣಗಳಿಂದ ತೀರಿಕೊಂಡ ಎಳೆಯರ ನಾಳಗಳನ್ನು ನೋಡಿದಾಗ ಕೊಬ್ಬಿನ ಗೆರೆಗಳು ಬಾಲ್ಯದಲ್ಲೇ ಕಂಡವು. ಬಿಪಿ, ತೂಕ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಹೆಚ್ಚು ಕಂಡವು. ಆದರೆ ಎಳೆಯ ನಾಳಕ್ಕೆ ತಿದ್ದಿಕೊಳ್ಳುವ ಗುಣವೂ ಇದೆ. ಈ ಎರಡನೇ ಮಾತನ್ನು ಪಾಲಕರಿಗೆ ಹೇಳದೆ ಮೊದಲನೆಯದನ್ನಷ್ಟೇ ಹೇಳಿ ಹೆದರಿಸುವುದು ನನಗೆ ಸರಿಕಾಣುವುದಿಲ್ಲ.

ಮಾಳಿಗೆಯ ಮೇಲಿನ ನಡಿಗೆ

ಮನೆಯವರೇ ಯೋಚಿಸಿ ಆರಿಸಿದ ದಾರಿ ಮಾಳಿಗೆ. ಶರಣಬಸವೇಶ್ವರ ಗುಡಿಯ ಬಳಿಯ ಕೆರೆಯ ದಂಡೆಗೆ ಊರಿನ ಎಷ್ಟೋ ಜನ ವಾಕಿಂಗ್ ಹೋಗುತ್ತಾರೆ. ಆದರೆ ಅದು ಇವರ ಮನೆಗೆ ದೂರ, ಬೆಳಿಗ್ಗೆ ಟ್ಯೂಷನ್ ಅಡ್ಡ. ಸಂಜೆ ತಾಯಿ ಮಗಳು ಇಬ್ಬರೂ ಮಾಳಿಗೆ ಹತ್ತಿ ಅರ್ಧ ತಾಸು ಸುತ್ತು ಹಾಕತೊಡಗಿದರು. ತಪ್ಪದೆ ಮಾಡಿದರು, ಅದಕ್ಕೆ ಮೆಚ್ಚಬೇಕು.

ಜುಲೈ ಕಳೆದು ಆಗಸ್ಟ್ ಬಂದರೂ ಬಿಪಿ 132ರ ಆಸುಪಾಸಿನಲ್ಲೇ ಇತ್ತು. ಒಂದು ಸಂಜೆ ನಡೆದ ಕೂಡಲೇ ನಾಡಿ ಎಣಿಸಿ ಬರೆದುಕೊಂಡು ಬರಲು ಹೇಳಿದೆ. 100 ದಾಟಿರಲಿಲ್ಲ. ಕೂತಾಗ 92 ಇರುವ ಹುಡುಗಿಗೆ ಅದು ನಡಿಗೆಯಲ್ಲ, ತಾಯಿಯ ಜೊತೆ ಹರಟೆ. ಹರಟೆಯೂ ಬೇಕು, ಆದರೆ ನಾಳಕ್ಕೆ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ಜೋರಿನ ಚಟುವಟಿಕೆ ಮಾಡಬೇಕು, ವಾರಕ್ಕೆ ಮೂರು ದಿನವಾದರೂ ಅದು ಜೋರಾಗಿರಬೇಕು, ಎಲುಬು ಸ್ನಾಯು ಗಟ್ಟಿ ಮಾಡುವಂಥದ್ದೂ ಇರಬೇಕು. ಜೋರು ಅಂದರೆ ಎಷ್ಟು ಎಂದು ತಾಯಿ ಕೇಳಿದಳು. ಮಧ್ಯಮ ಚಟುವಟಿಕೆಯಲ್ಲಿ ಮಾತಾಡಬಹುದು, ಹಾಡಲು ಆಗುವುದಿಲ್ಲ. ಜೋರಿನದರಲ್ಲಿ ನಾಲ್ಕು ಮಾತಿಗೆ ಒಮ್ಮೆ ಉಸಿರು ಹಿಡಿಯಬೇಕಾಗುತ್ತದೆ. ಯಂತ್ರ ಬೇಡ, ಗಡಿಯಾರ ಬೇಡ.

ಇದೇ ಹೊತ್ತಿಗೆ ಇನ್ನೊಂದು ತೊಂದರೆ ಬೆಳೆಯುತ್ತಿತ್ತು. ತಂದೆ ಪ್ರತಿ ರವಿವಾರ ಹುಡುಗಿಯನ್ನು ಔಷಧ ಅಂಗಡಿಯ ತಕ್ಕಡಿ ಮೇಲೆ ನಿಲ್ಲಿಸುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳ ಎದುರೇ. ಇಳಿಯದಿದ್ದರೆ ಮನೆಯಲ್ಲಿ ಮೌನ. ಹುಡುಗಿ ಬೆಳಗಿನ ರೊಟ್ಟಿ ಬಿಟ್ಟಳು. ಹನ್ನೊಂದಕ್ಕೆ ಹಸಿವು ತಾಳದೆ ಶಾಲೆಯ ಹೊರಗೆ ಉಪ್ಪು ಖಾರದ ಪ್ಯಾಕೆಟ್ ತಿನ್ನುತ್ತಿದ್ದಳು, ಸಂಜೆ ಮಿರ್ಚಿ ಭಜಿ. ಸಂಬಂಧಿಕರೊಬ್ಬರು ತೂಕ ಇಳಿಸುವ ಪುಡಿಯ ಡಬ್ಬಿಯನ್ನೂ ತಂದಿಟ್ಟಿದ್ದರು.

ತಕ್ಕಡಿಯನ್ನು ನಿಲ್ಲಿಸಿದ್ದು

ತಂದೆಯನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಿದೆ. ಮುಂದಿನ ಆರು ತಿಂಗಳು ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲಿಯೂ ತೂಕ ನೋಡುವಂತಿಲ್ಲ. ತೂಕ, ಸೊಂಟ, ಬಿಪಿ ಮೂರನ್ನೂ ನನ್ನಲ್ಲಿ, ಬಾಗಿಲು ಹಾಕಿ ನೋಡುತ್ತೇವೆ ಎಂದೆ. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ. ತೂಕ ಇಳಿಯದೆ ಬಿಪಿ ಹೇಗೆ ಇಳಿದೀತು ಎಂಬುದು ಅವನ ನೇರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ.

ಉತ್ತರಕ್ಕೆ ನಾನು ಆಸ್ಟ್ರೇಲಿಯಾದ ಪರ್ತ್ ನಗರದಿಂದ 2004ರಲ್ಲಿ ಪ್ರಕಟವಾದ ಅಧ್ಯಯನದ ಕಥೆ ಹೇಳಿದೆ. ಬೊಜ್ಜಿದ್ದ 19 ಹದಿಹರೆಯದವರಿಗೆ ಎಂಟು ವಾರ ವ್ಯಾಯಾಮ ಮಾಡಿಸಿದರು. ಅವರ ನಾಳದ ಸಾಮರ್ಥ್ಯ ಅಳೆದ ರೀತಿ ಹೀಗೆ: ಕೈಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದು, ಒಮ್ಮೆಲೇ ಬಿಟ್ಟಾಗ ನುಗ್ಗುವ ಹರಿವಿಗೆ ತೋಳಿನ ನಾಳ ಎಷ್ಟು ಅಗಲವಾಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುವುದು. ಶುರುವಿನಲ್ಲಿ ಈ ಮಕ್ಕಳ ನಾಳ ತೆಳ್ಳಗಿನ ಮಕ್ಕಳದ್ದಕ್ಕಿಂತ ಕಡಿಮೆ ಅಗಲವಾಗುತ್ತಿತ್ತು. ಎಂಟು ವಾರದ ಮೇಲೆ ಅವರ ಸಮಕ್ಕೆ ಬಂತು. ತೂಕ ಮಾತ್ರ ಇದ್ದಲ್ಲೇ ಇತ್ತು. ಅಂದರೆ ನಾಳ ತಕ್ಕಡಿಗಾಗಿ ಕಾಯುವುದಿಲ್ಲ. ಹರಿವು ಬಂದರೆ ಅದು ತನ್ನ ಕೆಲಸ ಶುರು ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇನ್ನೂ ಚಿಕ್ಕ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ವಾರಕ್ಕೆ ಮೂರು ಸಲ ಒಂದು ತಾಸಿನ ವ್ಯಾಯಾಮದಿಂದ ಬಿಪಿ ಇಳಿಯಿತು, ನಾಳದ ಬಿಗಿ ಕಡಿಮೆಯಾಯಿತು.

ಅವನು ಬಹಳ ಹೊತ್ತು ಸುಮ್ಮನಿದ್ದು, "ಆಯ್ತ್ರಿ, ಆರ್ ತಿಂಗಳ ನೋಡೂಣು" ಅಂದ. ಈ ಪ್ರಕರಣದ ಮೊದಲ ತಿರುವು ಇದು. ಹುಡುಗಿ ಮರುವಾರದಿಂದ ಬೆಳಗಿನ ರೊಟ್ಟಿ, ಪುಂಡಿಪಲ್ಯೆ ತಿಂದು ಹೋಗತೊಡಗಿದಳು. ಊಟದಲ್ಲಿ ನಾನು ಮುಟ್ಟಿದ್ದು ಹಪ್ಪಳ, ಉಪ್ಪಿನಕಾಯಿ, ಪ್ಯಾಕೆಟ್, ಭಜಿ ಇಷ್ಟನ್ನೇ. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು, ಶೇಂಗಾ ಇರುವ ಊಟಕ್ಕೆ ನಾನು ಕಲಿಸುವುದು ಹೆಚ್ಚೇನಿಲ್ಲ.

ಶೌಚಾಲಯದ ಕೀಲಿ

ಹುಡುಗಿಗೆ ಏನು ಮಾಡಲು ಮನಸ್ಸಿದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಒಂದೇ ಮಾತು: ಖೋಖೋ.

ವೈದ್ಯನಾಗಿ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿರಲಿಲ್ಲ. ಖೋಖೋದಲ್ಲಿ ಎಂಟು ಜನ ಸಾಲಾಗಿ ಕುಕ್ಕುರುಗಾಲಲ್ಲಿ ಕೂತಿರುತ್ತಾರೆ, ಒಬ್ಬರು ಅಟ್ಟಿಸುತ್ತಾರೆ. ಬೆನ್ನಿಗೆ "ಖೋ" ಬಿದ್ದ ಕ್ಷಣ ಕೂತಲ್ಲಿಂದ ಚಿಮ್ಮಿ ಓಡಬೇಕು, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಕೆಲವು ಸೆಕೆಂಡು ಪೂರ್ತಿ ಶಕ್ತಿಯ ಓಟ, ಮತ್ತೆ ಕೂತು ದಣಿವಾರಿಸುವುದು, ಮತ್ತೆ ಓಟ. ನಾಳಕ್ಕೆ ಬೇಕಾದ ಏರಿಳಿತದ ಹರಿವು, ತೊಡೆಯ ಸ್ನಾಯುವಿಗೆ ಬೇಕಾದ ಬಲ, ಎಲುಬಿಗೆ ಬೇಕಾದ ಜಿಗಿತ ಎಲ್ಲ ಒಂದೇ ಆಟದಲ್ಲಿ. ದಪ್ಪಗಿರುವ ಮಗುವಿಗೆ ಸತತ ಅರ್ಧ ತಾಸು ಓಡಲು ಆಗುವುದಿಲ್ಲ. ಹೀಗೆ ತುಣುಕು ತುಣುಕಾಗಿ ಓಡಲು ಆಗುತ್ತದೆ. ಖರ್ಚು ಎರಡು ಕಂಬದ್ದು.

ಶಾಲೆಯ ದೈಹಿಕ ಶಿಕ್ಷಕರು ಮೊದಲು ಬೇಡವೆಂದರು. ಬಿಪಿ ಇರುವ ಹುಡುಗಿ ಓಡಿ ಬಿದ್ದರೆ ಹೊಣೆ ಯಾರು? ಅವರ ಭಯದಲ್ಲಿ ತಪ್ಪಿಲ್ಲ. ನಾನು ಪತ್ರ ಬರೆದೆ: ಮೊದಲ ಹಂತದ ಬಿಪಿ, ಎಕೊ ಸರಿಯಿದೆ, ಆಟಕ್ಕೆ ತಡೆಯಿಲ್ಲ, ಆಟವೇ ಈಕೆಯ ಚಿಕಿತ್ಸೆ, ಎದೆನೋವು, ತಲೆಸುತ್ತು, ಓಡುವಾಗ ಕಣ್ಣು ಕತ್ತಲೆ ಬಂದರೆ ಮಾತ್ರ ನಿಲ್ಲಿಸಿ ನನಗೆ ತಿಳಿಸಿ, ಮೊದಲ ಎರಡು ವಾರ ಅಟ್ಟಿಸುವ ಸರದಿ ಕಡಿಮೆ ಕೊಡಿ. ಎರಡನೇ ಹಂತದ ಬಿಪಿಯಾಗಿದ್ದರೆ ಅದು ಹತೋಟಿಗೆ ಬರುವವರೆಗೆ ಭಾರ ಎತ್ತುವಂಥ ಆಟಗಳನ್ನು ನಾನೇ ತಡೆಯುತ್ತಿದ್ದೆ. ಆ ಪತ್ರ ಕೈಗೆ ಬಂದ ಮೇಲೆ ಶಿಕ್ಷಕರು ಬೇರೆಯೇ ಮನುಷ್ಯರಾದರು. ಆಕೆಯೊಬ್ಬಳಿಗೆ ಆಟವಾಗುವುದಿಲ್ಲ, ತಂಡ ಬೇಕು ಎಂದು 8 ಮತ್ತು 9ನೇ ತರಗತಿಯ ಹುಡುಗಿಯರನ್ನು ಅವರೇ ಕೂಡಿಸಿದರು. ಹೊತ್ತು ಪ್ರಾರ್ಥನೆಗೆ ಮುಂಚೆ. ಆಗ ಬಿಸಿಲಿರುವುದಿಲ್ಲ, ಹುಡುಗರು ಮೈದಾನಕ್ಕೆ ಬಂದಿರುವುದಿಲ್ಲ.

ಆದರೂ ಮೊದಲ ವಾರ ಅರ್ಧಕ್ಕರ್ಧ ಹುಡುಗಿಯರು ಬರಲಿಲ್ಲ. ಕಾರಣ ಯಾರೂ ಹೇಳುತ್ತಿರಲಿಲ್ಲ. ಕೊನೆಗೆ ತಿಳಿದದ್ದು ಹುಡುಗಿಯ ತಾಯಿಯಿಂದ: ಶಾಲೆಯ ಶೌಚಾಲಯದ ಬೀಗ ತೆರೆಯುವುದು ಮೊದಲ ಗಂಟೆ ಬಾರಿಸುವಾಗ. ಮುಟ್ಟಿನ ದಿನಗಳಲ್ಲಿ, ಅಥವಾ ಆಟವಾಡಿ ಬೆವತು ಬಟ್ಟೆ ಬದಲಿಸಬೇಕೆಂದಾಗ ಎಲ್ಲಿಗೆ ಹೋಗಬೇಕು? ಮುಖ್ಯ ಶಿಕ್ಷಕಿ ಒಂದು ಕೀಲಿಯನ್ನು ದೈಹಿಕ ಶಿಕ್ಷಕರ ಬದಲು ಹಿರಿಯ ಹುಡುಗಿಯೊಬ್ಬಳ ಕೈಗೇ ಕೊಟ್ಟರು. ಸರದಿಯ ಮೇಲೆ ಒಬ್ಬರು ತಾಯಿ ಬಂದು ಮೈದಾನದ ಬದಿಯಲ್ಲಿ ಕೂರಬೇಕು ಎಂಬ ಏರ್ಪಾಡನ್ನು ತಾಯಂದಿರೇ ಮಾಡಿಕೊಂಡರು. ಮುಟ್ಟಾದವರು ಆಡುವುದೋ ಕೂರುವುದೋ ಅವರವರ ಇಷ್ಟ, ಯಾರೂ ಕಾರಣ ಕೇಳುವಂತಿಲ್ಲ ಎಂಬುದೂ ನಿಯಮವಾಯಿತು. ಅಲ್ಲಿಂದ ಹಾಜರಿ ತುಂಬಿತು. ನಾನು ಬರೆದ ಯಾವ ಚೀಟಿಗಿಂತಲೂ ಆ ಕೀಲಿಯ ಕೆಲಸ ದೊಡ್ಡದು ಎಂದು ಪೂರ್ತಿ ನಂಬಿ ಹೇಳುತ್ತೇನೆ. ವ್ಯಾಯಾಮದ ಸಲಹೆ ಕೊಡುವ ನಾವು ವೈದ್ಯರು ಇಂಥದ್ದನ್ನು ಕೇಳಿ ತಿಳಿಯಬೇಕು.

ಉಳಿದದ್ದು ಬೆಳಗಿನ ಟ್ಯೂಷನ್. ತಂದೆಗೆ ಇದು ಗಣಿತದ ಅಂಕದ ಪ್ರಶ್ನೆ. ಅರ್ಧವಾರ್ಷಿಕ ಪರೀಕ್ಷೆಯವರೆಗೆ ವಾರಕ್ಕೆ ನಾಲ್ಕು ಬೆಳಿಗ್ಗೆ ಆಟ, ಎರಡು ಬೆಳಿಗ್ಗೆ ಟ್ಯೂಷನ್. ಅಂಕ ಇಳಿದರೆ ಹಳೆಯ ಪದ್ಧತಿ ಎಂಬ ಕರಾರಾಯಿತು. ಅಂಕ ಇಳಿಯಲಿಲ್ಲ. ಅವನ ಮಟ್ಟಿಗೆ ಬಿಪಿಯ ಅಂಕಿಗಿಂತ ಆ ಅಂಕಪಟ್ಟಿಯೇ ದೊಡ್ಡ ಸಾಕ್ಷಿಯಾಯಿತು. ಆಟವಿಲ್ಲದ ಸಂಜೆಗಳಲ್ಲಿ ಮಾಳಿಗೆ ಉಳಿಯಿತು, ಆದರೆ ಈಗ ನಡಿಗೆಯ ಬದಲು ಹಗ್ಗದಾಟ, ತಮ್ಮನ ಜೊತೆ ಪೈಪೋಟಿ.

ಡಿಸೆಂಬರ್, ಮತ್ತೆ ಜೂನ್

ಡಿಸೆಂಬರಿನಲ್ಲಿ ಎಲ್ಲ ಅಳತೆ ಮಾಡಿದೆವು. ಬಿಪಿ 122/76. ಕೂತಾಗಿನ ನಾಡಿ 80. ಸೊಂಟ 84 ಸೆಂಟಿಮೀಟರ್. ಎಚ್‌ಬಿಎ1ಸಿ 5.5. ತೂಕ 67 ಕಿಲೊ, ಅಂದರೆ ಒಂದು ಕಿಲೊ ಹೆಚ್ಚೇ. ಎತ್ತರ 156 ಆಗಿತ್ತು. ಪೂರ್ತಿ ಸಹಜವಲ್ಲ, ಆದರೆ ಗುಳಿಗೆಯ ಗಡುವು ಬಂದಾಗ ಗುಳಿಗೆ ಬೇಕಾಗಲಿಲ್ಲ. ತಕ್ಕಡಿಯನ್ನೇ ನಂಬಿ ಕೂತಿದ್ದರೆ ಇದೇ ದಿನ ನಾವು "ಏನೂ ಉಪಯೋಗವಾಗಿಲ್ಲ" ಎಂದು ಆಟ ನಿಲ್ಲಿಸುತ್ತಿದ್ದೆವು.

ಬಿಪಿ ಇಳಿದದ್ದೆಲ್ಲ ಖೋಖೋದಿಂದಲೇ ಎಂದು ನಾನು ಹೇಳುವುದಿಲ್ಲ. ಉಪ್ಪು ಕಡಿಮೆಯಾಗಿತ್ತು, ಹೊತ್ತಿಗೆ ಊಟ, ಮೊದಲಿಗಿಂತ ಬೇಗ ನಿದ್ದೆ, ತೂಕದ ಅವಮಾನ ನಿಂತಿತ್ತು. ಎಲ್ಲ ಸೇರಿ ಕೆಲಸ ಮಾಡಿವೆ. ಆದರೆ ಮುಂದೆ ನಡೆದದ್ದು ಆಟದ ಪಾಲು ಎಷ್ಟಿತ್ತು ಎಂಬುದನ್ನು ಸಾಕಷ್ಟು ಸ್ಪಷ್ಟ ಮಾಡಿತು.

ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ, ಆಮೇಲೆ ರಜೆ. ಶಾಲೆ ಮುಚ್ಚಿತು, ತಂಡ ಚದುರಿತು. ಏಪ್ರಿಲ್ ಮೇ ತಿಂಗಳ ಕಲಬುರಗಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ: 42, 43 ಡಿಗ್ರಿ, ಬೆಳಿಗ್ಗೆ ಒಂಬತ್ತಕ್ಕೇ ಓಣಿ ಖಾಲಿ, ಮಾಳಿಗೆ ರಾತ್ರಿಯವರೆಗೆ ಕಾದಿರುತ್ತದೆ. 10ನೇ ತರಗತಿಯ ಮುಂಗಡ ಟ್ಯೂಷನ್ ಶುರುವಾಯಿತು. ಊಟದಲ್ಲಿ ದೊಡ್ಡ ಬದಲಾವಣೆ ಇರಲಿಲ್ಲ, ತೂಕವೂ ಏರಿರಲಿಲ್ಲ, ನಿಂತದ್ದು ಓಟ. ಜೂನ್‌ನಲ್ಲಿ ನೋಡಿದಾಗ ಬಿಪಿ 130/82, ನಾಡಿ 88.

ತಂದೆ ಕುಸಿದು ಕೂತ. ನನಗೆ ಇದು ಅನಿರೀಕ್ಷಿತವಾಗಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 9ರಿಂದ 12 ವರ್ಷದ, ತೂಕ ಹೆಚ್ಚಿದ್ದ 82 ಮಕ್ಕಳ ಅಧ್ಯಯನ 2004ರಲ್ಲಿ ಪ್ರಕಟವಾಗಿತ್ತು. ಊಟದ ಕ್ರಮವೊಂದೇ ಇದ್ದವರಿಗಿಂತ ಊಟದ ಜೊತೆ ವ್ಯಾಯಾಮವಿದ್ದವರ ನಾಳ ಹೆಚ್ಚು ಸುಧಾರಿಸಿತು. ವರ್ಷದ ಮೇಲೆ ನೋಡಿದರೆ, ವ್ಯಾಯಾಮ ಮುಂದುವರಿಸಿದವರ ನಾಳ ಬಿಟ್ಟವರದ್ದಕ್ಕಿಂತ ಚೆನ್ನಾಗಿತ್ತು, ಕುತ್ತಿಗೆಯ ನಾಳದ ಗೋಡೆಯ ದಪ್ಪವೂ ಕಡಿಮೆಯಾಗಿತ್ತು. ಒಳಪದರ ಲಾಭವನ್ನು ಕೂಡಿಟ್ಟುಕೊಳ್ಳುವುದಿಲ್ಲ. ಹರಿವು ನಿಂತರೆ ಕೆಲವೇ ವಾರಗಳಲ್ಲಿ ಅದು ಹಳೆಯ ಸ್ಥಿತಿಯತ್ತ ಜಾರುತ್ತದೆ. ತಂದೆಗೆ ನಾನು ಹೇಳಿದ್ದು: ಸೋತದ್ದು ನಿಮ್ಮ ಮಗಳಲ್ಲ, ಆಟ ನಿಂತಿದೆ, ಅಷ್ಟೇ. ಗುಳಿಗೆಯನ್ನು ಆಗಲೂ ಬರೆಯಲಿಲ್ಲ. ಎರಡು ತಿಂಗಳ ಇನ್ನೊಂದು ಗಡುವು ಇಟ್ಟೆವು. ಇದು ನಿಜಕ್ಕೂ ಕಷ್ಟದ ನಿರ್ಧಾರವಾಗಿತ್ತು. ಡಿಸೆಂಬರಿನ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಆ ಧೈರ್ಯ ನನಗೂ ಬರುತ್ತಿರಲಿಲ್ಲ.

ಖೋಖೋ ಮತ್ತೆ ಶುರುವಾಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ 118/74. ಎಚ್‌ಡಿಎಲ್ 41ಕ್ಕೆ ಏರಿತ್ತು. ಕುತ್ತಿಗೆಯ ಕಪ್ಪು ತಿಳಿಯಾಗಿತ್ತು, ತಾಯಿ ಅದನ್ನು ನನಗೆ ತೋರಿಸಿ ನಕ್ಕಳು. ತೂಕ 67ರಲ್ಲೇ ಇತ್ತು.

ಎಸ್ಸೆಸ್ಸೆಲ್ಸಿ ವರ್ಷಕ್ಕೆ ನಾವು ಮೊದಲೇ ತಯಾರಾದೆವು. ಪರೀಕ್ಷೆಯ ತಿಂಗಳುಗಳಲ್ಲಿ ತಾಸುಗಟ್ಟಲೆ ಆಟ ಕೇಳುವುದು ನಡೆಯುವ ಮಾತಲ್ಲ. ಬೆಳಗಿನ ಇಪ್ಪತ್ತು ನಿಮಿಷ, ಅದರಲ್ಲಿ ಉಸಿರುಗಟ್ಟಿ ಓಡುವುದು ಸ್ವಲ್ಪವಾದರೂ ಇರಬೇಕು, ಓದುವಾಗ ಪ್ರತಿ ಮುಕ್ಕಾಲು ತಾಸಿಗೆ ಎದ್ದು ಮೆಟ್ಟಿಲು ಹತ್ತಿ ಇಳಿಯಬೇಕು. ಬೇಸಿಗೆಗೆ ಓಣಿಯ ನಾಲ್ಕು ಹುಡುಗಿಯರು ಸೇರಿ ಬೆಳಗಿನ ಜಾವ, ಸೂರ್ಯ ಏರುವ ಮುಂಚೆ, ಒಬ್ಬರ ಅಂಗಳದಲ್ಲಿ ಹಗ್ಗದಾಟ, ಕುಂಟಾಬಿಲ್ಲೆ. ಬಿಸಿಲಲ್ಲಿ ಆಡಿಸುವುದಕ್ಕೆ ನಾನು ಕಡ್ಡಾಯವಾಗಿ ಬೇಡವೆಂದೆ. ನಮ್ಮ ಊರಿನ ಬೇಸಿಗೆಯಲ್ಲಿ ಅದು ಜೀವಕ್ಕೇ ಅಪಾಯ. ನೀರಿನ ಬಾಟಲಿ ಜೊತೆಗಿರಬೇಕು. ಆ ಬೇಸಿಗೆ ದಾಟಿದ ಮೇಲೆ ಬಿಪಿ 122/78. ಸ್ವಲ್ಪ ಏರಿತು, ಆದರೆ ಹಿಂದಿನ ಬೇಸಿಗೆಯಂತೆ ಜಾರಲಿಲ್ಲ.

ಇದರಿಂದ ತಿಳಿದದ್ದು

ಒಂದು ಮಗುವಿನ ಕಥೆಯಿಂದ ಎಲ್ಲರಿಗೂ ನಿಯಮ ಮಾಡಲಾಗದು. ಆದರೂ ನಾನು ಕೆಲವನ್ನು ಬದಲಿಸಿಕೊಂಡಿದ್ದೇನೆ. ಹತ್ತು ದಾಟಿದ ಯಾವ ಹುಡುಗಿ ಬಂದರೂ, ಜ್ವರಕ್ಕೆ ಬಂದಿದ್ದರೂ, ಆಟ ಬಿಟ್ಟಿದ್ದು ಯಾವಾಗ ಎಂದು ಕೇಳುತ್ತೇನೆ. ಎಷ್ಟು ಹೊತ್ತು ಮೈ ದಣಿಸುತ್ತೀಯ ಎಂಬ ಪ್ರಶ್ನೆಗೆ ಎಲ್ಲರೂ "ವಾಕಿಂಗ್" ಅನ್ನುತ್ತಾರೆ. ಬಿಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ ನಿಜ ಹೊರಬರುತ್ತದೆ. ಜಗತ್ತಿನ 11ರಿಂದ 17 ವರ್ಷದವರಲ್ಲಿ 81 ಪ್ರತಿಶತ ಮಕ್ಕಳು ಬೇಕಾದಷ್ಟು ಚಟುವಟಿಕೆ ಮಾಡುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಅಂಕಿಗಳಿಂದ ಲೆಕ್ಕ ಹಾಕಿತ್ತು, ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದ್ದು. ಆ ದೊಡ್ಡ ಅಂಕಿ ನಮ್ಮ ಊರಿನಲ್ಲಿ ಬೇವಿನ ಗಿಡದ ಕೆಳಗೆ ಕೂತ ಹುಡುಗಿಯರ ಗುಂಪಾಗಿ ಕಾಣುತ್ತದೆ.

ತೂಕವನ್ನೇ ಗುರಿಯಾಗಿ ಕೊಟ್ಟರೆ ಮಗು ಸೋಲುವ ಸಾಧ್ಯತೆ ಹೆಚ್ಚು, ಸೋತ ಮಗು ಆಟವನ್ನೂ ಬಿಡುತ್ತದೆ. ಈಗ ನಾನು ಪಾಲಕರಿಗೆ ತೋರಿಸುವುದು ನಾಡಿ ಮತ್ತು ಬಿಪಿ. ಕೂತಾಗಿನ ನಾಡಿಯನ್ನು ಮಗುವೇ ಎಣಿಸಬಹುದು. ಅದು ಇಳಿಯುವುದನ್ನು ತಾನೇ ಕಂಡಾಗ ಬರುವ ಹುರುಪು ಬೇರೆ. ತೂಕ ಮುಖ್ಯವಲ್ಲ ಎಂದಲ್ಲ. ಬೆಳೆಯುವ ಮಗುವಿನಲ್ಲಿ ಅದು ಎತ್ತರಕ್ಕೆ ಹೊಂದಿಕೊಳ್ಳಲು ವರ್ಷಗಳು ಬೇಕು, ನಾಳಕ್ಕೆ ವಾರಗಳು ಸಾಕು.

ಇನ್ನೊಂದು, ಶಾಲೆಯ ವಿಷಯ. ಆಟದ ಪೀರಿಯಡ್ ಗಣಿತಕ್ಕೆ ಹೋಗುವುದನ್ನು ನಾವೆಲ್ಲ ಸಣ್ಣ ಸಂಗತಿ ಎಂದುಕೊಂಡಿದ್ದೇವೆ. ಆ ಶಾಲೆಯ ಬೆಳಗಿನ ತಂಡದಲ್ಲಿ ಈಗ ಬಿಪಿ ಇಲ್ಲದ, ತೂಕ ಹೆಚ್ಚಿಲ್ಲದ ಹುಡುಗಿಯರೇ ಹೆಚ್ಚು. ಅವರ ನಾಳಗಳಿಗೂ ಅದೇ ಹರಿವು ಸಿಗುತ್ತಿದೆ, ಯಾವ ವೈದ್ಯನ ಚೀಟಿಯೂ ಇಲ್ಲದೆ.

ಹುಡುಗಿ ಈಗ ಪಿಯುಸಿಗೆ ಹಾಸ್ಟೆಲ್ ಇರುವ ಕಾಲೇಜು ಸೇರಿದ್ದಾಳೆ. ಬೆಳಗಿನಿಂದ ರಾತ್ರಿಯವರೆಗೆ ಕ್ಲಾಸು ಮತ್ತು ಸ್ಟಡಿ ಅವರ್. ಆಕೆಯ ಕೈಯಲ್ಲಿ ವಾರ್ಡನ್‌ಗೆ ಪತ್ರ ಕೊಟ್ಟಿದ್ದೇನೆ. ಅದರಲ್ಲಿ ಇರುವುದು: ಈಕೆಗೆ ಮೊದಲ ಹಂತದ ಬಿಪಿ ಇತ್ತು, ಈಗ ಗುಳಿಗೆಯಿಲ್ಲದೆ ಹತೋಟಿಯಲ್ಲಿದೆ, ಬೆಳಿಗ್ಗೆ ಅರ್ಧ ತಾಸು ಜೋರಿನ ಆಟಕ್ಕೆ ಜಾಗ ಮತ್ತು ಜೊತೆ ಬೇಕು, ಅದು ಔಷಧದಷ್ಟೇ ಅಗತ್ಯ, ಮೂರು ತಿಂಗಳಿಗೊಮ್ಮೆ ದೊಡ್ಡ ಪಟ್ಟಿ ಸುತ್ತಿ ಬಿಪಿ ನೋಡಿ, 130/80 ಮುಟ್ಟಿದರೆ ಕಳಿಸಿ. ಕೆಳಗೆ ಒಂದು ಸಾಲನ್ನು ಹುಡುಗಿಯೇ ಕೇಳಿ ಬರೆಸಿದ್ದು: ಆಟದ ಹೊತ್ತಿಗೆ ಶೌಚಾಲಯ ತೆರೆದಿರಬೇಕು.